ನಲವತ್ತೊಂದನೇ ಕೀಲಿಕೈ

ಮನೆಯಿಂದ,
ಹದಿನಾಲ್ಕನೇ ತಾರೀಕು, ಶನಿವಾರ, ಬೆಳಗ್ಗೆ ಎಂಟು ಗಂಟೆ

ಮೊನ್ನೆ ಮೊನ್ನೆ ತಾತನಾದ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಹೊಟ್ಟೆ ತುಂಬ ಊಟ ಮಾಡುತ್ತಿದ್ದೀರೋ, ಇಲ್ಲ "ಆಮೇಲೆ, ಆಮೇಲೆ" ಎಂದು ಊಟ ಆರಲು ಬಿಟ್ಟು ಕೂತಿರುತ್ತೀರೋ? ಮಂಡಿ ನೋವು ಹೇಗಿದೆ? ನಿಮ್ಮ ಮಂಚ ಕಿಟಕಿಯ ಪಕ್ಕದಲ್ಲೇ ಇದೆ, ಗಾಳಿ ನೇರವಾಗಿ ಬಡಿಯುತ್ತದೆ ಎಂದು ಅಳಿಯ ಹೇಳಿದ. ಅದಕ್ಕೇ ತುಂಬುತೋಳಿನ ಬನಿಯನ್ ಎರಡು ಕಳಿಸಿದ್ದೇನೆ. ಕತ್ತಿನ ಹತ್ತಿರ ಚುಚ್ಚುತ್ತದೆ ಎಂದು ಗೊಣಗಬೇಡಿ, ಪಟ್ಟಿ ಬಿಚ್ಚಿ ಒಳಗೆ ಮೆತ್ತನೆಯ ಬಟ್ಟೆ ಇಟ್ಟು ಹೊಲಿದಿದ್ದೇನೆ. ಆಸ್ಪತ್ರೆಯ ಆ ವಾರ್ಡಿನಲ್ಲಿ ಫೋನು ತೆಗೆದಿಟ್ಟುಕೊಳ್ಳುತ್ತಾರಂತಲ್ಲ. ಒಂದು ರೀತಿಯಲ್ಲಿ ಅದೂ ಒಳ್ಳೆಯದೇ. ಅಳಿಯ ಹನ್ನೊಂದು ಗಂಟೆಯ ಬಸ್ಸಿಗೆ ಹೊರಡುತ್ತಾನೆ, ಅಷ್ಟರಲ್ಲಿ ಇದನ್ನು ಮುಗಿಸಬೇಕು.

ಕೂಸು ಚೆನ್ನಾಗಿದೆ. ನಿಮ್ಮದೇ ಕಿವಿ, ನಿಮ್ಮದೇ ಹಠ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇಲ್ಲಿ ಹೆತ್ತವಳು ನಿದ್ದೆಗೆಟ್ಟು ಸಿಡುಕುತ್ತಾಳೆ, ಮುದ್ದೆಲ್ಲ ಅಜ್ಜಿಯದೇ. ಮಗಳ ಕಾಲಿನ ಊತ ಇಳಿದಿದೆ. ನಿಮ್ಮ ಜೊತೆ ಕೆಲಸಕ್ಕಿದ್ದ ಉದ್ದಣ್ಣನ ಹೆಂಡತಿ ದಿನವೂ ಬೆಳಗ್ಗೆ ಬಂದು ಕೂಸಿಗೆ ಸ್ನಾನ ಮಾಡಿಸುತ್ತಾಳೆ. ಬೇಡ ಎಂದರೆ ಕೇಳುವುದಿಲ್ಲ. "ಮನೇಲಿ ಒಬ್ಬಳೇ ಕೂತು ಏನು ಮಾಡ್ಲಿ ಅಕ್ಕಾ" ಅನ್ನುತ್ತಾಳೆ. ಅವಳು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ಯುತ್ತಾಳೆ, ನಾನು ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ. ಅವಳ ಮುಖ ನೋಡುವುದು ನನ್ನಿಂದಾಗುವುದಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನಿಮ್ಮ ಡಾಕ್ಟರಮ್ಮ ಅಳಿಯನ ಹತ್ತಿರ ಹೇಳಿಕಳಿಸಿದ್ದಾರೆ. ಕೀಲಿಕೈ ಕಳೆದ ಆ ದಿನಗಳಲ್ಲಿ ನಡೆದದ್ದನ್ನು ಮನೆಯವರು ಯಾರಾದರೂ ಒಂದಾದ ಮೇಲೊಂದರಂತೆ ಬರೆದು ಕಳಿಸಬೇಕಂತೆ. ನಿಮ್ಮ ನೋಟ್‌ಬುಕ್ಕಿನ ಜೊತೆ ಹೋಲಿಸಿ ನೋಡಿ, ನಿಮಗೆ ಎಷ್ಟು ಮರೆವಾಗಿದೆ ಎಂದು ತೀರ್ಮಾನಿಸಿ, ಸೋಮವಾರದಿಂದ ಮಾತ್ರೆ ಶುರು ಮಾಡುತ್ತಾರಂತೆ. ನನ್ನ ಕೈಗೆ ಸೂಜಿ ಒಗ್ಗಿದಷ್ಟು ಪೆನ್ನು ಒಗ್ಗುವುದಿಲ್ಲ ಎಂದು ನಿಮಗೆ ಗೊತ್ತೇ ಇದೆ. ಮೂರು ಸಲ ಬರೆದು ಹರಿದು ಹಾಕಿದೆ. ಇದು ನಾಲ್ಕನೆಯದು.

ಎಲ್ಲ ಶುರುವಾದದ್ದು ಗಡಿಯಾರ ರಿಪೇರಿಯವನ ಚೀಟಿಯಿಂದ. ನೀವು ಕೆಲಸ ಮಾಡುವ ಸುರಂಗದ ಹೊಸ ಯಂತ್ರ ಶುರುವಾದರೆ ಕಣಕ್ಕೆ ಕಣ ಡಿಕ್ಕಿ ಹೊಡೆದು ಭೂಮಿಯ ಹೊಟ್ಟೆಯಲ್ಲಿ ಒಂದು ಕಪ್ಪು ಕುಳಿ ಹುಟ್ಟುತ್ತದೆ, ಅದು ಮೊದಲು ನಮ್ಮ ಬೀದಿಯನ್ನು, ಆಮೇಲೆ ಇಡೀ ಲೋಕವನ್ನು ನುಂಗುತ್ತದೆ ಎಂದು ಅದರಲ್ಲಿ ಅಚ್ಚು ಹಾಕಿಸಿದ್ದ. ಕಚ್ಚಿದ ಹಣ್ಣಿನ ಥರ ಭೂಮಿಯ ಚಿತ್ರ ಬೇರೆ. ಅಷ್ಟು ಸಣ್ಣ ಸಣ್ಣ ಹಲ್ಲಿನ ಚಕ್ರಗಳನ್ನು ಬಿಚ್ಚಿ ಜೋಡಿಸುವವನು ಸುಳ್ಳು ಹೇಳುತ್ತಾನೆಯೇ ಎಂದು ಎಲ್ಲರೂ ನಂಬಿದರು. ನನ್ನ ಗಿರಾಕಿಗಳಲ್ಲಿ ಒಬ್ಬಳು ಚಳಿಯ ಕೋಟಿಗೆ ಅಳತೆ ಕೊಟ್ಟವಳು, "ಬದುಕಿದ್ರೆ ಹೊಲಿಸ್ಕೋತೀನಿ, ಬಟ್ಟೆ ಈಗ್ಲೇ ಕತ್ತರಿಸ್ಬೇಡಿ" ಎಂದಳು. ಇನ್ನೊಬ್ಬಳು ಮಕ್ಕಳ ಶಾಲೆ ಬಿಡಿಸಿದಳು. ನಾನು ನಿಮ್ಮನ್ನು ಕೇಳಿದ್ದು ನೆನಪಿದೆಯೇ? ನೀವು ನಗುತ್ತ, "ಆಕಾಶದಿಂದ ದಿನಾ ಇದಕ್ಕಿಂತ ಜೋರಾಗಿ ಬಂದು ಬಡೀತಾನೇ ಇದೆ ಕಣೇ, ಭೂಮಿಗೂ ಬಡಿಯುತ್ತೆ, ಚಂದ್ರನಿಗೂ ಬಡಿಯುತ್ತೆ. ಚಂದ್ರ ಇನ್ನೂ ಅಲ್ಲೇ ಇದಾನಲ್ಲ?" ಎಂದಿರಿ. "ಚಂದ್ರನ ಮೇಲೆ ನನ್ನ ಬಸುರಿ ಮಗಳಿಲ್ಲ" ಎಂದೆ ನಾನು. ನೀವು ಇನ್ನಷ್ಟು ನಕ್ಕಿರಿ. ನಿಮಗೆ ತಮಾಷೆಯಾಗಿತ್ತು, ನನಗಲ್ಲ. ನಿಮ್ಮ ಕಣ್ಣು ತಪ್ಪಿಸಿ ಅವನ ಸಭೆಗೂ ಎರಡು ಸಲ ಹೋಗಿದ್ದೆ. ಅದು ನಿಮಗೆ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಬೇಕಾಗಿಲ್ಲ, ಆದರೂ ಬರೆದಿದ್ದೇನೆ.

ಡಾಕ್ಟರಮ್ಮನಿಗೆ ನಿಮ್ಮ ಕೆಲಸವೂ ತಿಳಿಯಬೇಕಲ್ಲ. ಸುರಂಗದ ಬಾಗಿಲಲ್ಲಿ ಅರವತ್ತು ಕೀಲಿಕೈಗಳ ಹಲಗೆ. ಒಳಗಿಳಿಯುವ ಪ್ರತಿಯೊಬ್ಬನೂ ಒಂದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು, ಮೇಲೆ ಬಂದು ಅದೇ ತೂತಿಗೆ ಸಿಕ್ಕಿಸಬೇಕು. ಒಂದು ತೂತು ಖಾಲಿಯಿದ್ದರೂ ಯಂತ್ರ ಶುರುವಾಗುವುದಿಲ್ಲ, ಯಾಕೆಂದರೆ ಒಳಗೆ ಮನುಷ್ಯನಿದ್ದಾನೆ ಎಂದೇ ಅರ್ಥ. ಆ ಹಲಗೆ ಕಾಯುವುದೇ ನಿಮ್ಮ ಇಪ್ಪತ್ತೆರಡು ವರ್ಷದ ಉದ್ಯೋಗ. "ದೊಡ್ಡ ದೊಡ್ಡ ವಿಜ್ಞಾನಿಗಳೂ ನನ್ನ ಒಂದು ಕೀಗೆ ಕಾಯ್ಬೇಕು" ಎಂದು ನೆಂಟರಿಷ್ಟರ ಮುಂದೆಲ್ಲ ಎದೆಯುಬ್ಬಿಸುತ್ತಿದ್ದಿರಿ. ಅದು ಬೀಳದಿರಲಿ ಎಂದು ನಿಮ್ಮ ನೀಲಿ ಡ್ಯೂಟಿ ಅಂಗಿಗೆ ಒಳಗಡೆ ಆಳವಾದ ಜೇಬು, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೊಂದು ಗುಂಡಿ ಹೊಲಿದುಕೊಟ್ಟವಳು ನಾನೇ.

ಆ ಸೋಮವಾರ ಸುರಂಗ ಮುಚ್ಚುವ ದಿನ. ಕೊನೆಯದಾಗಿ ನೀವೇ ನಲವತ್ತೊಂದನೇ ಕೀಲಿಕೈ ತೆಗೆದುಕೊಂಡು ಇಳಿದಿರಿ, ಒಂದು ಕಡೆ ಏಣಿ ಹತ್ತಿ ಕೆಟ್ಟ ಬಲ್ಬು ಬದಲಾಯಿಸಿ ಮೇಲೆ ಬಂದಿರಿ. ಅಷ್ಟರಲ್ಲಿ ನನ್ನ ಫೋನು ಬಂತು, ಮಗಳಿಗೆ ನೋವು ಶುರುವಾಗಿದೆ ಎಂದು. ಹಲಗೆಯ ಕಡೆ ತಿರುಗಿಯೂ ನೋಡದೆ ತೊಟ್ಟ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿಬಂದಿರಿ. ಅದು ಸುಳ್ಳು ನೋವು. ಇನ್ನೂ ಏಳೆಂಟು ದಿನ ಇದೆ ಎಂದು ಹೇಳಿ ಸಂಜೆಯೊಳಗೆ ಮನೆಗೆ ಕಳಿಸಿದರು. ನೀವು ಅಂಗಿ ಬಿಚ್ಚಿ ಬುಟ್ಟಿಗೆ ಹಾಕಿ ಮಲಗಿದಿರಿ. ಮಂಗಳವಾರ ಬೆಳಗ್ಗೆ ಕಚೇರಿಯಿಂದ ಫೋನು ಬಂತು, ನಲವತ್ತೊಂದು ಖಾಲಿಯಿದೆ ಎಂದು. ನಾನು ಒಗೆದು ಹಾಕಿದ್ದ ಒದ್ದೆ ಅಂಗಿಯ ಜೇಬು ಹುಡುಕಿದಿರಿ, ಬುಟ್ಟಿ ಬೋರಲು ಹಾಕಿದಿರಿ, ಮಂಚದ ಕೆಳಗೆ ತೆವಳಿದಿರಿ. "ಜೇಬಲ್ಲಿ ಏನಾದ್ರೂ ಸಿಕ್ತೇನೇ?" ಎಂದು ನನ್ನನ್ನು ಕೇಳಿದಿರಿ. ನಾನು ಇಲ್ಲ ಎಂದೆ. ಇದು ನಿಮ್ಮ ನೋಟ್‌ಬುಕ್ಕಿನಲ್ಲಿ ಹೀಗೇ ಇದ್ದರೆ ಅದು ಸರಿ.

ಆಮೇಲಿನದನ್ನು ಬರೆಯಲು ಕೈ ಬರುವುದಿಲ್ಲ. ಬಲ್ಬು ಹಾಕುವಾಗ ಬಗ್ಗಿದ್ದೆ, ಅಲ್ಲೇ ಮೇಲಿನ ತಂತಿಗಳ ನಡುವೆ ಬಿದ್ದಿರಬೇಕು ಎಂದು ನೀವು ಕಚೇರಿಯಲ್ಲಿ ಹೇಳಿದಿರಿ. ಹನ್ನೊಂದು ಜನ ಇಳಿದು, ನಿಯಮದ ಪ್ರಕಾರ "ಯಾರಾದ್ರೂ ಇದೀರಾ" ಎಂದು ಕೂಗುತ್ತ ಸುರಂಗ ಪೂರ್ತಿ ನಡೆದರು. ಉದ್ದಣ್ಣ, "ನಾನು ಉದ್ದ ಇದೀನಿ, ಮೇಲೆ ನಾನೇ ನೋಡ್ತೀನಿ" ಎಂದು ಏಣಿ ಹತ್ತಿದನಂತೆ. ಏಣಿ ಜಾರಿತು. ಕಾಂಕ್ರೀಟಿನ ಮೇಲೆ ತಲೆ ಕೆಳಗಾಗಿ ಬಿದ್ದವನು ಬುಧವಾರ ಮಧ್ಯಾಹ್ನ ಹೋಗಿಬಿಟ್ಟ. ಇಪ್ಪತ್ತು ವರ್ಷ ಬೆಸುಗೆ ಕೆಲಸ ಮಾಡಿ ಮೈಗೆ ಒಂದು ಕಿಡಿ ತಾಗಿಸಿಕೊಳ್ಳದವನು. ನಮ್ಮ ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿ ನಿಂತು, "ಅತ್ತಿಗೆ, ಚಹಾ ಇದೆಯಾ, ಇಲ್ಲ ಲೋಕ ಮುಳುಗೋ ತನಕ ಕಾಯ್ಬೇಕಾ?" ಎಂದು ಹಿಂದಿನ ವಾರವಷ್ಟೇ ರೇಗಿಸಿದ್ದ. ಅವನ ಎಲ್ಲ ಪ್ಯಾಂಟಿಗೂ ಒಂದು ಗೇಣು ಬಟ್ಟೆ ಸೇರಿಸಿ ಹೊಲಿಯುತ್ತಿದ್ದೆ. ಒಂದು ಇನ್ನೂ ಇಲ್ಲೇ ಇದೆ, ಕಾಲಿನ ಮಡಿಕೆ ಹೊಲಿಯುವುದಷ್ಟೇ ಬಾಕಿ.

ಕೀಲಿಕೈ ಸಿಗದೆ ಹಲಗೆಯ ಆ ತೂತಿನ ಬೀಗವನ್ನೇ ಬದಲಾಯಿಸಿದರು. ಮುಂದಿನ ವಾರ, ಗುರುವಾರ ಬೆಳಗ್ಗೆ ಹತ್ತೂವರೆಗೆ ಯಂತ್ರ ಶುರುವಾಯಿತು. ಮಗಳ ಕೈ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ನಲ್ಲಿ ತೊಟ್ಟಿಕ್ಕುತ್ತಿತ್ತು, ಪಕ್ಕದ ಮನೆಯವರು ಕಂಬಳಿ ಕೊಡವುತ್ತಿದ್ದರು, ಹಾಲು ಉಕ್ಕಿ ಒಲೆ ಹೊಲಸಾಯಿತು. ಆದದ್ದು ಅಷ್ಟೇ. ಮರುದಿನ ಯಂತ್ರ ಓಡುತ್ತಿರುವಾಗಲೇ ಕೂಸು ಹುಟ್ಟಿತು, ಮೂರು ಕೇಜಿ, ಕೈಕಾಲು ಬೆರಳು ಇಪ್ಪತ್ತೂ ಸರಿಯಾಗಿವೆ. ಗಡಿಯಾರದವನು ಈಗ ಮಾತು ತಿರುಗಿಸಿದ್ದಾನೆ. "ಕುಳಿ ಹುಟ್ಟಿದೆ, ಬೆಳೆಯೋದಕ್ಕೆ ನಾಲ್ಕು ವರ್ಷ ಬೇಕು" ಅನ್ನುತ್ತಾನೆ. ಕೋಟಿನವಳು ಮೊನ್ನೆ ಬಂದು, ಕೋಟು ಯಾಕಿನ್ನೂ ಆಗಿಲ್ಲ ಎಂದು ನನ್ನ ಮೇಲೇ ರೇಗಿದಳು.

ವಿಚಾರಣೆಯಲ್ಲಿ ನಿಮ್ಮ ಅಂಗಿ ತರಿಸಿ ಜೇಬು ಒಳಹೊರಗೆ ಮಗುಚಿ ನೋಡಿದರು. ಒಂದು ಹೊಲಿಗೆಯೂ ಸಡಿಲವಾಗಿರಲಿಲ್ಲ. ನೀವಾದರೋ, ಆ ಸೋಮವಾರ ಮಗಳ ಆಸ್ಪತ್ರೆಯಲ್ಲಿ ಚಹಾಕ್ಕೆ ಚಿಲ್ಲರೆ ಹುಡುಕುವಾಗ ಕೀಲಿಕೈ ಕೈಗೆ ತಣ್ಣಗೆ ತಾಗಿತ್ತು ಎಂದಿರಿ. ಮತ್ತೆ ಸುರಂಗದಲ್ಲಿ ಬಿತ್ತು ಎಂದದ್ದು ಯಾಕೆ ಎಂದು ಕೇಳಿದರು. ಮನೆಯಲ್ಲಿ ಸಿಗಲಿಲ್ಲವಾದ್ದರಿಂದ ಅಲ್ಲಿರಬೇಕು ಎಂದುಕೊಂಡೆ, ಈಗ ಯಾವುದು ನಿಜವೋ ನನಗೇ ತಿಳಿಯದು ಎಂದು ಅತ್ತಿರಂತೆ. ಅವರು ಮರೆವಿನ ಕಾಯಿಲೆ ಎಂದು ಬರೆದುಕೊಂಡರು. ಅವತ್ತಿನಿಂದ ನೀವು ಹಲ್ಲುಜ್ಜಿದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೀರಿ. ವಾರ್ಡಿಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು, "ಒಂದಿನ ನಿನ್ನ ಮುಖಾನೂ ಮರೆತುಬಿಡ್ತೀನೇನೋ ಕಣೇ" ಎಂದಿರಿ. ಆಗ ನಾನು ನಿಮ್ಮ ಕಾಲರ್ ಸರಿಮಾಡಿದೆ. ನನ್ನಂಥ ಹೆಂಗಸಿಗೆ ಏನನ್ನಬೇಕೋ ನನಗೆ ಗೊತ್ತಿಲ್ಲ.

ಮಗಳು ನಿಮ್ಮನ್ನು ತುಂಬಾ ಕೇಳಿದೆ ಎಂದು ಬರೆಯಲು ಹೇಳಿದಳು. ಕೂಸಿನ ಹೆಬ್ಬೆರಳಿಗೆ ಶಾಯಿ ಹಚ್ಚಿ ಈ ಹಾಳೆಯ ಹಿಂದೆ ಒತ್ತಿಸಿದ್ದಾಳೆ, ಅದೇ ಅವಳ ನಮಸ್ಕಾರ. ಪಕ್ಕದ ಮಂಚದ ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಿ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ನಿಮಗೆ ಒಳ್ಳೆಯದಾಗಲಿ, ನನಗೇನಾದರೂ ಪರವಾಗಿಲ್ಲ.

ಇಂತಿ,
ನಿಮ್ಮ ಮನೆಯ ದರ್ಜಿ

ಮತ್ತೆ: ಅಳಿಯ ಬೂಟು ಹಾಕಿಕೊಳ್ಳುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಒಂದು ವಿಷಯ ಬಿಟ್ಟಿದ್ದೇನೆ. ಆ ಸೋಮವಾರ ಸಂಜೆ ನಿಮ್ಮ ಅಂಗಿ ನೆನೆಹಾಕುವ ಮೊದಲು ಜೇಬು ತಡವಿದೆ. ಕೀಲಿಕೈ ಇತ್ತು. ಇದೊಂದು ಇಲ್ಲದಿದ್ದರೆ ಯಂತ್ರ ಶುರುವಾಗುವುದಿಲ್ಲ, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ, ಕೂಸು ಹುಟ್ಟುವವರೆಗೆ ಏಳೆಂಟು ದಿನ ಹೇಗೋ ಕಳೆದುಹೋಗುತ್ತದೆ ಎಂದುಕೊಂಡು ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಟ್ಟೆ. ಹುಡುಕಲು ಮನುಷ್ಯರು ಇಳಿಯುತ್ತಾರೆ ಎಂದು ನೀವು ಇಪ್ಪತ್ತೆರಡು ವರ್ಷ ಹೇಳಿದ್ದಿರಿ, ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಬುಧವಾರದ ಮೇಲೆ ಬಾಯಿ ಬರಲಿಲ್ಲ. ಈಗ ಉದ್ದಣ್ಣನ ಹೆಂಡತಿ ಕೂಸಿಗೆ ನೀರು ಹಾಕಲು ಬಂದಿದ್ದಾಳೆ, ಒಲೆಯ ಮುಂದೆ ಕೂತಿದ್ದಾಳೆ. ಮೊದಲು ಅವಳಿಗೆ ಹೇಳುತ್ತೇನೆ, ಆಮೇಲೆ ಕೀಲಿಕೈ ತೆಗೆದುಕೊಂಡು ನಿಮ್ಮ ಕಚೇರಿಗೆ ಹೋಗುತ್ತೇನೆ. ಈ ಹಾಳೆಯನ್ನು ಡಾಕ್ಟರಮ್ಮನಿಗೆ ತೋರಿಸಿ. ಚಹಾಕ್ಕೆ ಚಿಲ್ಲರೆ ಹುಡುಕುವಾಗ ನಿಮ್ಮ ಕೈಗೆ ತಾಗಿದ್ದು ಅದೇ. ನಿಮಗೆ ಯಾವ ಮರೆವೂ ಇಲ್ಲ. ಸೋಮವಾರ ಆ ಮಾತ್ರೆ ನುಂಗಬೇಡಿ.