ತಂಪು ಪೆಟ್ಟಿಗೆಯ ಮೂಲೆ

೮ ನವೆಂಬರ್ ೧೯೯೮, ಭಾನುವಾರ. ಶಿವಾಜಿನಗರ

ಬುದ್ಧಿ ಸ್ವಾಧೀನದಲ್ಲಿರುವಾಗ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ: ನಿನ್ನೆ ಕಾಲೇಜಿನ ಲ್ಯಾಬಿನಿಂದ ಥರ್ಮಾಮೀಟರ್ ಒಂದನ್ನು ಕದ್ದೆ. ಎಡಗಾಲಿನ ಸಾಕ್ಸಿನೊಳಗೆ. ರೂಮು ಸೇರುವ ತನಕ ಕುಂಟಿದೆ. ಬಸ್ಸಿನಲ್ಲಿ ಒಬ್ಬ ಮುದುಕ ಎದ್ದು ಸೀಟು ಬಿಟ್ಟುಕೊಟ್ಟ. ಪಾಪಕ್ಕೆ ಇಷ್ಟು ಬೇಗ ಫಲ ಸಿಗುತ್ತೆ ಅಂತ ಗೊತ್ತಿರಲಿಲ್ಲ.

ಕಾಲೇಜು ಕೊಟ್ಟದ್ದು ಒಂದು. ನನ್ನ ಪೆಟ್ಟಿಗೆ ಎರಡು. ಹಲಸೂರು ಕೆರೆ ದಂಡೆಯಲ್ಲಿ ಪೈಪಿಗೆ ಅಗೆದಾಗ ಸಿಕ್ಕ ಆಮೆ ಮೊಟ್ಟೆ ಆರು. ಮೂರು ‘ಬಿಸಿ’ ಪೆಟ್ಟಿಗೆಗೆ: ಮೇಜಿನ ಮೇಲೆ, ಬಲ್ಬಿನ ಕೆಳಗೆ, ಮೂವತ್ತು ಡಿಗ್ರಿ. ಮೂರು ‘ತಂಪು’ ಪೆಟ್ಟಿಗೆಗೆ: ಮೂಲೆಯಲ್ಲಿ, ನೆಲದ ಮೇಲೆ, ಇಪ್ಪತ್ತೈದು. ಮರಳಲ್ಲಿ ಹೂತು, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು. ಮಗುಚಿದರೆ ಒಳಗಿನ ಜೀವ ಸಾಯುತ್ತೆ.

ನನ್ನ ಗೈಡ್ ಯಮುನಾ ಮೇಡಂ ಹೇಳಿದ್ದು: “ಬಿಸಿಯವು ಬೇಗ ಬರ್ತವೆ, ಸಣ್ಣಗೆ. ತಂಪಿನವು ಮೂರು ವಾರ ತಡ, ದಪ್ಪಗೆ. ಬಿಸೀಲಿ ಹೆಣ್ಣು ಜಾಸ್ತಿ, ತಂಪಲ್ಲಿ ಗಂಡು. ಅದು ತೀರ್ಮಾನ ಆಗೋದು ನಡುವಿನ ಕೆಲವು ವಾರದಲ್ಲಿ, ಹುಷಾರಪ್ಪಾ.” ಅಂದರೆ ಆಮೆಗೆ ಥರ್ಮಾಮೀಟರೇ ಜಾತಕ.

ನಿತೀಶ್ — ಕ್ಲಾಸ್‌ಮೇಟ್, ರೂಮ್‌ಮೇಟ್, ಮೇಡಂ ಹತ್ತಿರ ಖಾಲಿಯಿರುವ ಒಂದೇ ರಿಸರ್ಚ್ ಸೀಟಿಗೆ ನನ್ನ ಜೊತೆಗೇ ಕಣ್ಣಿಟ್ಟವ — “ನೆಲ ಬೇಡ ಮಗಾ, ಶೆಲ್ಫ್ ಮೇಲಿಡು” ಅಂದ. ಯಾಕಪ್ಪಾ ಇಷ್ಟು ಕಾಳಜಿ? ಗಮನದಲ್ಲಿಟ್ಟಿದ್ದೇನೆ.

ಈ ರೂಮಿನಲ್ಲಿ ನನಗೆ ಗೊತ್ತಿಲ್ಲದೆ ಅರ್ಧ ಡಿಗ್ರಿ ಕೂಡ ಏರಲ್ಲ.

೨೯ ನವೆಂಬರ್

೩೦. ೨೫. ಮೂರು ವಾರದಿಂದ ಅದೇ. ಕೆಳಗೆ ಬೇಕರಿ ಇಟ್ಟಿರುವ ಓನರ್ ಇನಾಯತ್ ಉಲ್ಲಾ ಸಾಬರು ಮೆಟ್ಟಿಲ ಹತ್ತಿರ ಹಿಡಿದರು: “ಏನು ಬೇಟಾ, ಮೊಟ್ಟೆ ಮೇಲೆ ಕೂತಿದ್ದೀಯಂತೆ?” ಸರದಿ ಮೇಲೆ ಕೂರ್ತೀವಿ ಸಾಬ್ರೇ, ಅಂದೆ.

೨೧ ಡಿಸೆಂಬರ್, ಸಂಜೆ ೭.೩೦

ತಂಪು ಪೆಟ್ಟಿಗೆ ೨೮! ಬೆಳಿಗ್ಗೆ ೨೫ ಇತ್ತು.

೨೩ ಡಿಸೆಂಬರ್

ಬೆಳಿಗ್ಗೆ ೨೬. ಸಂಜೆ ೨೯. ಮತ್ತೆ.

ಇಂದಿರಾನಗರದ ಟ್ಯೂಷನ್ ಮುಗಿಸಿ ನಾನು ಬರೋದು ಏಳಕ್ಕೆ. ನಿತೀಶ್ ನಾಲ್ಕಕ್ಕೇ. ಮೂರು ಗಂಟೆ, ಒಬ್ಬನೇ, ನನ್ನ ಮೊಟ್ಟೆಗಳ ಜೊತೆ. ಅದೂ ಮೇಡಂ ಹುಷಾರು ಅಂದ ವಾರಗಳಲ್ಲೇ. ನಾಲ್ಕು ಡಿಗ್ರಿ ಏರಿಸಿದರೆ ನನ್ನ ಒಂದು ಡಿಗ್ರಿ ಹೋಗುತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಇರೋದು ಒಂದೇ ಒಳ್ಳೇ ಸುದ್ದಿ — ಸಾಕ್ಸ್ ಬೇಗ ಒಣಗ್ತಿವೆ. ಒಂದೇ ಜೊತೆ ಇರುವವನಿಗೆ ಡಿಸೆಂಬರಲ್ಲಿ ಇದು ಸಣ್ಣ ಸುಖವಲ್ಲ.

೨೭ ಡಿಸೆಂಬರ್

ತಲೆಗೂದಲೊಂದನ್ನು ಎಂಜಲಲ್ಲಿ ಪೆಟ್ಟಿಗೆ ಮುಚ್ಚಳಕ್ಕೆ ಅಂಟಿಸಿ ಹೋದೆ. ಬಂದಾಗ ಕೂದಲು ಹಾಗೇ ಇದೆ. ಒಳಗೆ ೨೯. ಅಂದರೆ? ನೋಡಿದ್ದಾನೆ. ತನ್ನದೊಂದು ಕಿತ್ತು ಅಂಟಿಸಿದ್ದಾನೆ. ಎಂಥ ತ್ಯಾಗ... ಅವನ ತಲೆಯಲ್ಲಿ ಉಳಿದಿರೋದೇ ಕೆಲವು.

೧ ಜನವರಿ ೧೯೯೯

ಕೇಳಿಯೇಬಿಟ್ಟೆ.

“ಬಲ್ಬ್ ಎಲ್ಲಿ ಬಚ್ಚಿಟ್ಟಿದ್ದೀಯ?”

“ಯಾವ ಬಲ್ಬ್?”

“ನನ್ನ ಗಂಡು ಆಮೆಗಳನ್ನ ಹೆಣ್ಣು ಮಾಡ್ತಿರೋ ಬಲ್ಬ್.”

ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. “ಸೀಟಿಗೋಸ್ಕರ ನಾನು ಇಂಥ ಕೆಲಸ ಮಾಡ್ತೀನಿ ಅನ್ಕೊಂಡಿದ್ದೀಯಾ?”

ತಂಪು ಪೆಟ್ಟಿಗೆಯ ಥರ್ಮಾಮೀಟರ್ ಕಡೆ ಬೆರಳು ತೋರಿಸಿದೆ. ಅದೇ ಉತ್ತರ ಆಯ್ತು. ಹಾಸಿಗೆ ಸುತ್ತಿಕೊಂಡ. ಬಾಣಸವಾಡಿಯ ಅಕ್ಕನ ಮನೆಗೆ ಹೋಗ್ತಾನಂತೆ. ಬಾಗಿಲಲ್ಲಿ ತಿರುಗಿ ಹೇಳಿದ: “ಲ್ಯಾಬಲ್ಲಿ ಥರ್ಮಾಮೀಟರ್ ಹುಡುಕ್ತಿದ್ರು ಗುರು. ನನ್ನ ಕೈಲಿ ಒಡೆದೋಯ್ತು ಅಂತ ಮೇಡಂಗೆ ಹೇಳಿದೀನಿ. ನಿನ್ನ ಹೆಸರು ಬರಬಾರ್ದು ಅಂತ.”

ನಾಟಕ. ನಾಟಕವೇ ಇರಬೇಕು.

೨ ಜನವರಿ, ಸಂಜೆ

ನಿತೀಶ್ ಇಲ್ಲ. ತಂಪು ಪೆಟ್ಟಿಗೆ ೨೯.

೩ ಜನವರಿ

೨೯. ರೂಮಿನ ಇನ್ನೊಂದು ಕೀ ಇರೋದು ಯಾರ ಹತ್ತಿರ? ಇನಾಯತ್ ಸಾಬರ ಹತ್ತಿರ! ಆದರೆ ಅವರಿಗೆ ರಿಸರ್ಚ್ ಸೀಟು ಯಾಕೆ?

೪ ಜನವರಿ

ಟ್ಯೂಷನ್‌ಗೆ ಚಕ್ಕರ್ ಹೊಡೆದು ನಾಲ್ಕಕ್ಕೆ ಕೆಳಗಿಳಿದೆ. ಪೊಲೀಸ್ ದನಿಯಲ್ಲಿ ಕೇಳಿದೆ: “ನಾನಿಲ್ಲದಾಗ ಮೇಲೆ ಯಾರು ಬರ್ತಾರೆ ಸಾಬ್ರೇ?”

“ಉಪವಾಸ ಇರೋರು ಬೇಟಾ, ಮೆಟ್ಟಿಲು ಹತ್ತೋಕೆ ಯಾರಿಗಿದೆ ತಾಕತ್ತು? ಬಾ, ನೀನು ಒಂದು ಬಿಸಿ ಬನ್ ತಗೋ.”

ಹಿಂದಿನ ಕೋಣೆಗೆ ಕರೆದೊಯ್ದರು. ಸದಾ ಬೀಗ ಕಂಡಿದ್ದ ಕೋಣೆ. ಒಳಗೆ ಆನೆಯಂಥ ಹಳೇ ಭಟ್ಟಿ, ನಿಗಿನಿಗಿ ಉರೀತಿದೆ.

“ಇದನ್ನ ರಂಜಾನ್ ತಿಂಗಳು ಮಾತ್ರ ಹಚ್ಚೋದು. ಮಧ್ಯಾಹ್ನದಿಂದ. ಸಂಜೆ ಇಫ್ತಾರ್‌ಗೆ ಮುಂದಿನ ಭಟ್ಟಿ ಒಂದೇ ಸಾಲಲ್ಲ.”

ತಲೆಯೆತ್ತಿದೆ. ಹೊಗೆ ಹಿಡಿದ ತಾರಸಿ. ಮೇಲಿನ ಗೋಡೆ, ಕಿಟಕಿ ಎಲ್ಲ ಮನಸ್ಸಲ್ಲೇ ಹೊಂದಿಸಿ ನೋಡಿದೆ. ಭಟ್ಟಿಯ ನೆತ್ತಿಗೆ ಸರಿಯಾಗಿ ನನ್ನ ಮೂಲೆ.

“ಬೆಚ್ಚಗಿರಬೇಕಲ್ಲ ಬೇಟಾ? ನಿನಗಿಂತ ಮುಂಚೆ ಇದ್ದೋರು ಈ ತಿಂಗಳು ಆ ಮೂಲೇಲೇ ಮಲಗ್ತಿದ್ರು.”

ಬನ್ ಕೈಯಲ್ಲೇ ಹಿಡಿದು ಮೇಲಕ್ಕೆ ಓಡಿದೆ. ತಾಪ ಏರಿತು, ಮಾನ ಇಳಿಯಿತು.

ಪೆಟ್ಟಿಗೆ ಈಗ ಶೆಲ್ಫ್ ಮೇಲಿದೆ. ನಿತೀಶ್ ಹೇಳಿದ ಜಾಗದಲ್ಲೇ.

೨೧ ಜನವರಿ

ಬಿಸಿಯವು ಮೂರೂ ಹನ್ನೆರಡನೇ ತಾರೀಖಿಗೇ ಬಂದಿದ್ದವು. ಇವತ್ತು ತಂಪಿನವು. ಮೂರು ವಾರ ತಡವಾಗಬೇಕಾದದ್ದು ಒಂಬತ್ತೇ ದಿನ. ದಪ್ಪಗೂ ಇಲ್ಲ, ಸಣ್ಣಗೂ ಇಲ್ಲ. ಗಂಡೋ ಹೆಣ್ಣೋ ತಿಳಿಯೋಕೆ ಇನ್ನೂ ವರ್ಷಗಳು ಬೇಕು. ಎರಡು ಮರಿ. ಮೂರನೇ ಮೊಟ್ಟೆ ಒಡೆಯಲೇ ಇಲ್ಲ.

೨೩ ಜನವರಿ

ಥರ್ಮಾಮೀಟರ್ ಮೇಡಂ ಮೇಜಿನ ಮೇಲಿಟ್ಟೆ. ಅದನ್ನೂ ನನ್ನನ್ನೂ ನೋಡಿದರು.

“ಒಡೆದೋಯ್ತು ಅಂದ್ನಲ್ಲ ನಿತೀಶ್?”

“ಇಲ್ಲ ಮೇಡಂ. ಒಡೆದಿರೋದು ಬೇರೆ.”

ಎಲ್ಲ ಹೇಳಿದೆ. ಸೀಟು ಅವನಿಗೇ ಹೋಗುತ್ತೆ. ಹೋಗ್ಬೇಕು.

೨೪ ಜನವರಿ, ಭಾನುವಾರ

ಬಾಣಸವಾಡಿ. ನಿತೀಶ್ ಪೂರ್ತಿ ಕೇಳಿಸಿಕೊಂಡ. ಭಟ್ಟಿ ಸುದ್ದಿಗೆ ನಕ್ಕ, ಕೂದಲ ಸುದ್ದಿಗೆ ತಲೆ ಸವರಿಕೊಂಡ. ಆಮೇಲೆ ಒಂದೇ ಪ್ರಶ್ನೆ.

“ನೆಲ ಅಷ್ಟು ಬಿಸಿಯಾಗಿದ್ದು ನಿನಗೆ ಗೊತ್ತೇ ಆಗ್ಲಿಲ್ವಾ ಮಗಾ?”

“ಇಲ್ಲ ಕಣೋ. ದೇವರಾಣೆ.”

ನಂಬಿದ. ನಾಳೆ ಹಾಸಿಗೆ ಸಮೇತ ವಾಪಸ್ ಬರ್ತಾನೆ.

ಈಗ ಹಿಂದಿನ ಪುಟ ತಿರುವಿ ಕೂತಿದ್ದೇನೆ. ೨೩ ಡಿಸೆಂಬರ್. ಸಾಕ್ಸ್ ಬೇಗ ಒಣಗ್ತಿವೆ. ಎಲ್ಲಿ ಒಣಗಿಸ್ತಿದ್ದೆ ಅಂತ ಮಾತ್ರ ಬರೆದಿಲ್ಲ. ಸಾಕ್ಸೇ ಸಾಕ್ಷಿ. ತಂಪು ಪೆಟ್ಟಿಗೆ ಪಕ್ಕ. ಪ್ರತಿ ಸಂಜೆ ನೆಲಕ್ಕೆ ಅಂಗೈ ಇಟ್ಟು, ಎಲ್ಲಿ ಹೆಚ್ಚು ಬೆಚ್ಚಗಿದೆ ಅಂತ ಹುಡುಕಿ, ಅಲ್ಲೇ ಸಾಕ್ಸ್ ಹರಡಿ, ಕೈ ಒರೆಸಿಕೊಂಡು, ಪಕ್ಕದ ಪೆಟ್ಟಿಗೆಯ ಮುಚ್ಚಳ ತೆಗೆದು, ಈ ನಿತೀಶ್ ಇವತ್ತು ಏನು ಮಾಡಿದ್ದಾನೋ ಅಂತ—