ಬಿಳಿ ಹೊಗೆ

ಅಣ್ಣನಿಗೆ,

ಅಪ್ಪನ ಹಳೇ ಕಾರು ಕೆಲವು ದಿನಗಳಿಂದ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಉಗುಳುತ್ತಿತ್ತು. ಏರು ಬಂದರೆ ಏದುಸಿರು ಬಿಡುತ್ತಿತ್ತು. "ವಯಸ್ಸಾಯ್ತಲ್ಲ, ಅದಕ್ಕೂ ಕೆಮ್ಮು" ಎಂದು ಅಪ್ಪ ನಕ್ಕರು. ಜೀವಮಾನವಿಡೀ ಇಂಜಿನ್ ಬಿಚ್ಚಿ ಜೋಡಿಸಿದವರ ಮಾತೆಂದು ನಾನೂ ನಂಬಿದೆ.

ಕೊನೆಗೆ ಅಪ್ಪನ ಶಿಷ್ಯನಾದ ಮೆಕ್ಯಾನಿಕ್‌ನನ್ನೇ ಕರೆಸಿದೆ. ಆಯಿಲ್ ಮುಚ್ಚಳ ತೆಗೆದರೆ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣ. ನೀರು, ಆಯಿಲ್ ಬೆರೆಯದಂತೆ ತಡೆಯುವ ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರುತ್ತಿದೆ ಎಂದುಕೊಂಡು ಇಂಜಿನ್ ಬಿಚ್ಚಿದ. "ಅಕ್ಕಾ, ಗ್ಯಾಸ್ಕೆಟ್ ಗಟ್ಟಿಯಾಗೇ ಇದೆ, ಎಲ್ಲೂ ಬಿರುಕಿಲ್ಲ. ನೀರು ಎಲ್ಲಿಂದ ಬಂತೋ ತಲೆಗೇ ಹೋಗ್ತಿಲ್ಲ" ಎಂದ. ಹೊಸ ಆಯಿಲ್ ಹಾಕಿ ಹೋದ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನಾನೇ ನೋಡಿದೆ. ಅಪ್ಪ ನೀರು ಹಾಕಬೇಕಾದ ರೇಡಿಯೇಟರ್ ಬಿಟ್ಟು ಆಯಿಲ್ ಬಾಯಿಗೆ ಜಗ್ಗಿನಿಂದ ನೀರು ಸುರಿಯುತ್ತಿದ್ದರು, ಒಂದು ಹನಿಯೂ ಚೆಲ್ಲದಂತೆ. ಮೆಕ್ಯಾನಿಕ್‌ಗೆ ಹೇಳಿದಾಗ ಅವನು ಮುಖ ತಿರುಗಿಸಿ ಕೈ ಒರೆಸಿಕೊಂಡ.

ಈ ಭಾನುವಾರ ತಪ್ಪದೆ ಬಾ. ಅಪ್ಪನನ್ನು ನೋಡಿದ ಡಾಕ್ಟರು ನಿನ್ನ ಜೊತೆಯೂ ಮಾತಾಡಬೇಕಂತೆ. ಕಾರಿನ ಕೀಲಿಯನ್ನು ಅಪ್ಪ ನನಗೆ ಕೊಡುತ್ತಿಲ್ಲ; ನಿನಗೆ ಗಾಡಿ ಬೇಕೆಂದು ಕೇಳಿದರೆ ಕೊಟ್ಟಾರು. ಹೊಗೆಯ ಮಾತು ಮಾತ್ರ ಎತ್ತಬೇಡ.

ನಿನ್ನೆ ಮೆಕ್ಯಾನಿಕ್‌ನ ಕಾರು ತೆಗೆದುಕೊಂಡು ನಾನೇ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದೆ. ಪಕ್ಕದಲ್ಲಿ ಕೂತು ಗೇರಿನ ಮೇಲಿದ್ದ ನನ್ನ ಕೈಯನ್ನೇ ನೋಡುತ್ತಿದ್ದರು.

"ಚೆನ್ನಾಗಿ ಓಡಿಸ್ತೀರಮ್ಮ ನೀವು. ಯಾರು ಕಲಿಸಿದ್ರು?" ಎಂದರು.

"ನಮ್ಮಪ್ಪ" ಅಂದೆ.

"ಪುಣ್ಯವಂತರು" ಎಂದು ರಸ್ತೆಯ ಕಡೆ ತಿರುಗಿದರು.

ದಾರಿ ನೋಡುತ್ತಿರುವ,
ನಿನ್ನ ತಂಗಿ