ಖುರ್ಷೀದಳಿಗೆ ಕಲ್ಲುಸಕ್ಕರೆ

ಹುಣಸೂರು,
೧೬ನೇ ಜುಲೈ ೧೯೩೮

ಮೈ ಡಿಯರೆಸ್ಟ್ ಖುರ್ಷೀದ್,

ಮದುವೆಯಾಗಿ ಎರಡು ತಿಂಗಳಾದ ಮೇಲೆ ಇವಳಿಗೆ ನನ್ನ ನೆನಪು ಬಂತೇ ಎಂದು ಮೂಗು ಮುರಿಯುತ್ತಿದ್ದೀಯ, ಗೊತ್ತು. ಮುರಿ, ಆದರೆ ಓದು! ಏಳು ವರ್ಷ ಕಾನ್ವೆಂಟಿನ ಒಂದೇ ಬೆಂಚಿನಲ್ಲಿ ನಿನ್ನ ಕಿವಿ ಕಚ್ಚಿದವಳಿಗೆ ಇಲ್ಲಿ ಮಾತಿಗೆ ಯಾರೂ ಇಲ್ಲವೆಂದಲ್ಲ. ಇವರಿದ್ದಾರೆ. ಮರದ ಮಂಡಿಯಿಂದ ಬರುವಾಗ ದಿನಾ ಮಲ್ಲಿಗೆ ತಂದು, ತಮ್ಮ ಅಮ್ಮನ ಕಣ್ಣಿಗೆ ಬೀಳದಂತೆ ಕೊಡೆಯೊಳಗೆ ಬಚ್ಚಿಡುತ್ತಾರೆ. ಮೊನ್ನೆ ಅತ್ತೆಯೇ ಆ ಕೊಡೆ ಬಿಚ್ಚಿದರು. ತಲೆಯ ಮೇಲೆಲ್ಲ ಹೂಮಳೆ!

ನಿನ್ನೆ ಶುಕ್ರವಾರ ಅತ್ತೆ ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋದರು ಹೇಳು? ಊರಾಚೆಯ ಮಸೀದಿಗೆ! ನಾದಿನಿಯ ಕೂಸು ಮೂರು ದಿನದಿಂದ ಹಾಲು ಕುಡಿಯದೆ ಅಳುತ್ತಿತ್ತು. ಅದನ್ನು ಅತ್ತೆ ಎತ್ತಿಕೊಂಡರು, ನೀರಿನ ಚೊಂಬು ನನ್ನ ಕೈಗೆ. ಮೆಟ್ಟಿಲ ಬಳಿ ಆಗಲೇ ಆರೇಳು ಹೆಂಗಸರು, ಹೆಚ್ಚಿನವರು ವಿಭೂತಿ ಇಟ್ಟವರೇ! ನಮಾಜು ಮುಗಿಸಿ ಹೊರಬಂದ ಗಾಡಿಯವರು, ಗರಗಸದವರು ಎಲ್ಲರೂ ಪ್ರಾರ್ಥನೆ ಹೇಳಿ ಕೂಸಿನ ನೆತ್ತಿಗೂ ಚೊಂಬಿಗೂ ಮೆಲ್ಲಗೆ ಊದಿ ಹೋದರು. ಒಬ್ಬರ ಗಡ್ಡ ಹಿಡಿದೆಳೆದ ಕೂಸು ಅಳು ಮರೆತು ನಕ್ಕಿತು.

"ನಿನ್ ಮದ್ವೆ ಚಪ್ಪರ ಆಕ್ದೋರು ಇವ್ರೇ ಕಣೆ," ಎಂದರು ಅತ್ತೆ.

"ನನ್ನ ಖುರ್ಷೀದಳ ಅಣ್ಣಂದಿರೂ ಹೀಗೇ ಟೋಪಿ ಹಾಕುತ್ತಾರೆ," ಎಂದು ಬಾಯಿಬಿಟ್ಟೆ.

"ಏಳ್ ವರ್ಸದ ಗೆಳತಿ ಅಂತಿದ್ದೆಯಲ್ಲ, ಅವ್ಳಾ? ಮದ್ವೆಗ್ಯಾಕೆ ಬರ್ನಿಲ್ಲ? ನನ್ ಪಕ್ಕದಲ್ಲೇ ಕೂರುಸ್ಕತಿದ್ನಲ್ಲೇ!"

"ಜ್ವರ... ಇನ್ನೂ ಬಿಟ್ಟಿಲ್ಲ," ಎಂದುಬಿಟ್ಟೆ. (ಬೈಯಬೇಡ, ಕೊನೆಯವರೆಗೂ ಓದು.)

"ಎರಡ್ ತಿಂಗ್ಳಿಂದ್ಲಾ? ಅಯ್ಯೋ ಕೂಸೇ!" ಅತ್ತೆ ಸೆರಗಿನ ಗಂಟಿನಿಂದ ಕಲ್ಲುಸಕ್ಕರೆ ತೆಗೆದು ಇಮಾಮರ ಮುಂದೆ ಹಿಡಿದರು. "ಸಾಬ್ರೇ, ಇದ್ಕೂ ಒಸಿ ಊದಿ. ನಮ್ ಸೊಸೆ ಗೆಳತಿ ಮಲ್ಗವ್ಳಂತೆ."

"ಹೆಸರೇನಮ್ಮಾ, ಬೇಟಿ?"

ಚೊಂಬಿನ ನೀರನ್ನೇ ನೋಡುತ್ತ ನಿನ್ನ ಹೆಸರು ಹೇಳಿದೆ. ಮುದುಕರು ಕಣ್ಣು ಮುಚ್ಚಿ ನಿನಗಾಗಿ ಬೇಡಿದರು. ಚಪ್ಪಲಿ ಮೆಟ್ಟುತ್ತಿದ್ದವರೆಲ್ಲ ನಿಂತು "ಆಮೀನ್" ಎಂದರು.

ಕೂಸು ಬೆಳಿಗ್ಗೆಯಿಂದ ಹಾಲು ಕುಡಿಯುತ್ತಿದೆ. ಕಲ್ಲುಸಕ್ಕರೆ ಇದರೊಳಗಿದೆ. "ಬ್ಯಾಗ ಉಸಾರಾಗಿ ಬಂದು ನಮ್ಮನೇಲಿ ಉಣ್ಲಿ," ಇದು ಅತ್ತೆಯ ಆಶೀರ್ವಾದ. ನನ್ನದು: ನೂರು ವರ್ಷ ತಣ್ಣಗಿರು, ಬಂಗಾರಿ.

ನಿನ್ನ ಹುಚ್ಚಿ,
ಸುನಂದ

ಮರೆತ ಮಾತು: ಮರೆತಿರಲಿಲ್ಲ. ಖುರ್ಷೀದ್, ನಿನಗೆ ಲಗ್ನಪತ್ರಿಕೆ ತಲುಪದಿದ್ದುದು ಟಪಾಲಿನವರ ತಪ್ಪಲ್ಲ. ಅಂಚಿಗೆ ಅರಿಸಿನ ಹಚ್ಚಿ, ನಿನ್ನ ವಿಳಾಸ ಬರೆದು, ಅತ್ತೆಮನೆಯವರು ಏನೆಂದುಕೊಳ್ಳುವರೋ ಎಂದು ಹೆದರಿ ಟ್ರಂಕಿನ ತಳದಲ್ಲಿ ಅಡಗಿಸಿದ್ದೆ. ನನ್ನನ್ನು ಯಾರೂ ತಡೆದಿರಲಿಲ್ಲ. ಅದನ್ನೂ ಇದರೊಳಗೆ ಇಟ್ಟಿದ್ದೇನೆ. ಬೇಕಾದರೆ ಹರಿದುಹಾಕು. ಕಲ್ಲುಸಕ್ಕರೆ ಮಾತ್ರ ತಿನ್ನು. ಅದಕ್ಕೆ ಊದಿದವರು ಸುಳ್ಳು ಹೇಳಿಲ್ಲ.